ಬ್ಲೋವರ್ ಬಿಚ್ಚಿದ ಮೇಲೆ ತಿಳಿದ 6-71

ಮಗ ಪ್ಲೈವುಡ್ ತುಂಡು ಹಿಡಿದು ಎಂಜಿನ್ ಪಕ್ಕ ನಿಂತಿದ್ದ. "ಅಪ್ಪಾ, ಇದ್ಯಾಕೆ?" ಅಂದ. "ಹಿಡ್ಕೊಂಡಿರು, ಬೇಕಾಗದಿದ್ರೆ ಒಳ್ಳೇದೇ" ಅಂದೆ. ಎರಡೇ ನಿಮಿಷಕ್ಕೆ ಬೇಕಾಯಿತು.

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಈ ಎಂಜಿನ್ನಿನ ತವರಲ್ಲೇ. ಜನರಲ್ ಮೋಟಾರ್ಸ್ 1938ರಲ್ಲಿ ತಂದ ಟೂ-ಸ್ಟ್ರೋಕ್ ಡೀಸೆಲ್ ಇದು. ಸಿಲಿಂಡರಿಗೆ 71 ಘನ ಅಂಗುಲ, ಆರು ಸಿಲಿಂಡರ್ ಇದ್ದರೆ 6-71. ನಾನು ಕೊಂಡ ಹಳೇ ಜಿಎಂಸಿ ಲಾರಿಯಲ್ಲಿದ್ದದ್ದು ಅದೇ.

ಇದರ ಬ್ಲೋವರನ್ನು, ಅಂದರೆ ಗಾಳಿ ತಳ್ಳುವ ಯಂತ್ರವನ್ನು, ಸೂಪರ್‌ಚಾರ್ಜರ್ ಅಂತಾರೆ. ಆದರೆ ಅದು ಹೆಚ್ಚಿನ ಶಕ್ತಿಗೆ ಇಟ್ಟದ್ದಲ್ಲ. ಫೋರ್-ಸ್ಟ್ರೋಕ್ ಎಂಜಿನ್ ತಾನೇ ಗಾಳಿ ಎಳೆದುಕೊಳ್ಳುತ್ತದೆ, ಇದಕ್ಕೆ ಆ ಪುರುಸೊತ್ತಿಲ್ಲ. ಪಿಸ್ಟನ್ ತಳ ಮುಟ್ಟುವಾಗ ಲೈನರ್ (ಸಿಲಿಂಡರಿನ ಒಳಕೊಳವೆ) ಸುತ್ತಲಿನ ತೂತುಗಳು ತೆರೆದುಕೊಳ್ಳುತ್ತವೆ. ಬ್ಲೋವರ್ ತಳ್ಳಿದ ಗಾಳಿ ಅಲ್ಲಿಂದ ನುಗ್ಗಿ, ಸುಟ್ಟ ಹೊಗೆಯನ್ನು ಸಿಲಿಂಡರ್ ತಲೆಯಲ್ಲಿರುವ ಎಕ್ಸಾಸ್ಟ್ ವಾಲ್ವಿನಿಂದ ಹೊರಗೆ ದಬ್ಬುತ್ತದೆ. ಬ್ಲೋವರ್ ಇಲ್ಲದೆ ಈ ಎಂಜಿನ್ ಸ್ಟಾರ್ಟೇ ಆಗದು.

ಅವತ್ತು ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ಸ್ಟಾಪ್ ಲಿವರ್ ಎಳೆದೆ, ಡೀಸೆಲ್ ಪೂರ್ತಿ ಬಂದ್, ಆದರೂ ಸದ್ದು ಏರುತ್ತಲೇ ಹೋಯಿತು. ತುರ್ತಿಗೆಂದು ಗಾಳಿಬಾಯಲ್ಲಿ ಇರುವ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಏರ್ ಕ್ಲೀನರ್ ಇನ್ನೂ ಕೂರಿಸಿರಲಿಲ್ಲ. ಮಗನ ಕೈಯಿಂದ ಪ್ಲೈವುಡ್ ಕಿತ್ತು ಗಾಳಿಬಾಯಿಗೆ ಒತ್ತಿದೆ. ಹಲಗೆಯನ್ನು ಬಾಯಿಗೆ ಬಿಗಿಯಾಗಿ ಸೆಳೆದು ಹಿಡಿದು ಎಂಜಿನ್ ಸತ್ತಿತು. (ಅಲ್ಲಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬೇಡಿ, ಬ್ಲೋವರ್ ಒಳಗೆ ತಿರುಗುತ್ತಾ ಗಾಳಿ ತಳ್ಳುವ ರೋಟರ್ ಎಳೆದುಕೊಳ್ಳುತ್ತದೆ.)

ಡೀಸೆಲ್ ಇಲ್ಲದೆ ಓಡಿದ್ದು ಎಂಜಿನ್ ಆಯಿಲ್ ಕುಡಿದು. ಟಾರ್ಚ್ ಬಿಟ್ಟು ಬ್ಲೋವರ್ ಒಳಗೆ ನೋಡಿದರೆ, ರೋಟರ್ ತುದಿಯ ಪ್ಲೇಟಿನ ಮೇಲೆ ಶಾಫ್ಟಿನ ಸುತ್ತಲಿಂದ ಹೊರಕ್ಕೆ ಹರಡಿದ ತೆಳ್ಳನೆ ಎಣ್ಣೆ ಗೆರೆಗಳು. ಎಣ್ಣೆ ಒಳಕ್ಕೆ ಬಾರದಂತೆ ತಡೆಯುವ ಸೀಲು ಸೋತಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ.

ಬ್ಲೋವರ್ ಇಳಿಸುವುದು ಇಡೀ ದಿನದ ಕೆಲಸ. ವೇಗ ಹಿಡಿತದಲ್ಲಿಡುವ ಗವರ್ನರ್, ನೀರಿನ ಪಂಪು, ಡೀಸೆಲ್ ಪಂಪು ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. ರೋಟರ್ ಗೇರುಗಳೆರಡನ್ನೂ ಒಟ್ಟಿಗೇ ಎಳೆಯಬೇಕು, ಕೂರಿಸುವಾಗಲೂ ಒಟ್ಟಿಗೇ. ಸೀಲಿನ ತುಟಿ ಮುಟ್ಟಿದರೆ ಒಣ ಹುಣಸೆ ಸಿಪ್ಪೆಯಂತೆ ಮುರಿಯುತ್ತಿತ್ತು. ಹೊಸದು ಹಾಕಿದೆ.

ನಾಜೂಕಿನ ಕೆಲಸ ಆಮೇಲಿನದು. ಎರಡು ರೋಟರ್ ಒಂದನ್ನೊಂದು ಮುಟ್ಟದೆ, ಕೂದಲೆಳೆಯಷ್ಟು ಸಂದಿಯಲ್ಲಿ ತಿರುಗಬೇಕು. ಉದ್ದನೆಯ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಅಳೆದು, ಗೇರಿನ ಹಿಂದೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಸರಿಮಾಡಬೇಕು. ಗೇರಿನ ಹಲ್ಲು ಓರೆ ಇರುವುದರಿಂದ 0.003 ಅಂಗುಲದ ಶಿಮ್ಮಿಗೆ ರೋಟರ್ ತಿರುಗುವುದು 0.001 ಅಂಗುಲ ಮಾತ್ರ. ಮೂರು ಸಲ ಬಿಚ್ಚಿ ಹಾಕಿದೆ, ಬೇಸರವಾಗಲಿಲ್ಲ.

ಮತ್ತೆ ಸ್ಟಾರ್ಟ್ ಮಾಡುವ ಮೊದಲು ಆ ತುರ್ತು ಮುಚ್ಚಳದ ತುಕ್ಕು ಬಿಡಿಸಿ, ಸ್ಪ್ರಿಂಗ್ ಬದಲಿಸಿದೆ. ಅಪಾಯ ಬಂದಾಗ ಮಾತ್ರ ಅದನ್ನು ಬಳಸಿ. ದಿನಾ ಅದರಲ್ಲೇ ಎಂಜಿನ್ ನಿಲ್ಲಿಸಿದರೆ ಬ್ಲೋವರಿನೊಳಗೆ ಗಾಳಿಯಿಲ್ಲದೆ ಆಗುವ ಸೆಳೆತಕ್ಕೆ ಸೀಲುಗಳೇ ಹಾಳಾಗುತ್ತವೆ. ಈಗ ಐಡಲ್‌ನಲ್ಲಿ ಓಡುವಾಗ ಟಾರ್ಚ್ ಬಿಟ್ಟರೆ ಪ್ಲೇಟು ಒಣಗಿಯೇ ಇರುತ್ತದೆ. ಪ್ಲೈವುಡ್ಡನ್ನು ಲಾರಿಯ ಸೀಟಿನ ಹಿಂದೆ ಇಟ್ಟಿದ್ದೇನೆ.