ಊರು, ಹೆಸರು, ಹುಟ್ಟಿದ ಇಸವಿ

2003ರಲ್ಲಿ ಸಾಗರದ ಒಂದು ಸೈಬರ್ ಕೆಫೆಯಲ್ಲಿ ಮೊದಲ ಇಮೇಲ್ ಖಾತೆ ತೆರೆಯಲು ಕುಳಿತಾಗ ನನ್ನ ಹೆಸರನ್ನು ಆಗಲೇ ಯಾರೋ ಹಿಡಿದುಕೊಂಡಿದ್ದರು. ಗಂಟೆಯ ಲೆಕ್ಕ ಓಡುತ್ತಿತ್ತು, ಯೋಚಿಸಲು ಪುರುಸೊತ್ತೆಲ್ಲಿ? ಮೊದಲು ಊರು, ಆಮೇಲೆ ಹೆಸರು, ಕೊನೆಗೆ ಹುಟ್ಟಿದ ಇಸವಿ ಸೇರಿಸಿ ಮುಗಿಸಿದೆ. ಮುಂದೆ ಹದಿನೈದು ವರ್ಷ ಕಂಡಕಂಡಲ್ಲೆಲ್ಲ ಅದೇ ಹೆಸರು.

ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಊರಿಗೆಲ್ಲ ಬುದ್ಧಿ ಹೇಳುವ ನಾನು ಒಂದು ಸಂಜೆ ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದೆ. ಸ್ಕೂಟರ್ ಮಾರುವ ಜಾಹೀರಾತು, ಅದರಲ್ಲಿ ಮೊಬೈಲ್ ನಂಬರ್. ಕಚೇರಿಯ ವೇಳೆಯಲ್ಲಿ ಚೆಸ್ ಆಡಿದ ದಾಖಲೆ. ಕೂದಲು ಉದುರುವುದಕ್ಕೆ ಮದ್ದು ಕೇಳಿದ್ದ ಪ್ರಶ್ನೆ. ಬಿಡಿಬಿಡಿಯಾಗಿ ಯಾವುದೂ ದೊಡ್ಡದಲ್ಲ. ಆದರೆ ಹೆಸರು ಒಂದೇ ಆದ್ದರಿಂದ ಬಳ್ಳಿ ಎಳೆದರೆ ಚಪ್ಪರವೇ ಬಂದಂತಾಯಿತು.

ಹೊಸ ಹೆಸರಿಗೆ ಮೊದಲು ಮನೆದೇವರನ್ನು ನೆನೆದೆ. ನಮ್ಮ ಬಳಗದ ಯಾರಿಗಾದರೂ ಅದು ಥಟ್ಟನೆ ಹೊಳೆಯುತ್ತಿತ್ತು, ಬಿಟ್ಟೆ. ಕೊನೆಗೆ ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಎರಡು ಪದಗಳನ್ನು ಜೋಡಿಸಿದೆ: ಸೌಟು, ದಿಬ್ಬ, ಆ ತರಹದವು. ಈಗ ಒಂದೊಂದು ಕಡೆಗೆ ಒಂದೊಂದು ಜೋಡಿ. ಬ್ಯಾಂಕಿನಂಥ ಕಡೆ ಬಳಕೆದಾರರ ಹೆಸರನ್ನು ನಾವೇ ಆರಿಸಬಹುದಾದರೆ, ಪಾಸ್‌ವರ್ಡ್ ಮ್ಯಾನೇಜರ್ ಕೊಡುವ ಅರ್ಥವಿಲ್ಲದ ಅಕ್ಷರಗಳು. ನೆನಪಿಡುವ ಕೆಲಸವೂ ಅದರದ್ದೇ.

ಸರ್ವರ್‌ನ ಕಥೆ ಬೇರೆ. ಹೊಸದೊಂದನ್ನು ಬಾಡಿಗೆಗೆ ಪಡೆದು ಲಾಗಿನ್ ದಾಖಲೆ ತೆರೆದರೆ ಪ್ರತಿ ಸಲವೂ ಅದೇ ಮೆರವಣಿಗೆ: ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್, ಉಬುಂಟು, ಪೈ. ಯಾವುದೋ ದೇಶದ ಯಂತ್ರ ಒಂದೊಂದೇ ಹೆಸರು ಹೇಳಿ ಬಾಗಿಲು ತಟ್ಟುತ್ತಿರುತ್ತದೆ. ‘ಪೈ’ ಎಂಬುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಜೊತೆಗೆ ತಾನಾಗಿಯೇ ಬರುತ್ತಿದ್ದ ಖಾತೆ, ಪಾಸ್‌ವರ್ಡ್ ‘ರಾಸ್ಪ್‌ಬೆರಿ’. 2022ರ ಏಪ್ರಿಲ್‌ನಲ್ಲಿ ತಯಾರಕರು ಅದನ್ನು ತೆಗೆದು, ಹೆಸರನ್ನು ಬಳಕೆದಾರರೇ ಇಟ್ಟುಕೊಳ್ಳುವಂತೆ ಮಾಡಿದರು. ನಾನು ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಯ ಲಾಗಿನ್ ಮುಚ್ಚಿ, ಈ ಪಟ್ಟಿಯಲ್ಲಿಲ್ಲದ ಹೆಸರಿಟ್ಟು, ಪಾಸ್‌ವರ್ಡ್ ಬದಲು ನನ್ನ ಕಂಪ್ಯೂಟರಿನಲ್ಲೇ ಗುಟ್ಟಾಗಿರುವ ಕೀಲಿ ಕಡತ ಬಳಸುತ್ತೇನೆ. ವಿಚಿತ್ರ ಹೆಸರಿಟ್ಟ ಮಾತ್ರಕ್ಕೆ ನೆಮ್ಮದಿಯಾಗಿ ಮಲಗುವಂತಿಲ್ಲ. ಇಂಥ ಹೆಸರಿನ ಖಾತೆ ಇದೆಯೋ ಇಲ್ಲವೋ ಎಂಬುದನ್ನು ಹೊರಗಿನವರಿಗೆ ಬಿಟ್ಟುಕೊಡುವ ದೋಷ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲೇ 2018ರಲ್ಲಿ ಹೊರಬಿದ್ದಿತ್ತು.

ಕಚೇರಿಯ ಖಾತೆಗಳಿಗೆ ಮಾತ್ರ ಈ ಗುಟ್ಟು ಬೇಡ ಎಂಬುದು ನನ್ನ ಹಟ. ಯಾರು ಏನು ಮಾಡಿದರೆಂದು ದಾಖಲೆಯಲ್ಲಿ ಕಾಣಬೇಕು. ಐದು ಜನ ಹಂಚಿಕೊಂಡ ಒಂದೇ ‘ಅಡ್ಮಿನ್’ ಖಾತೆಯಿಂದ ಕಡತ ಅಳಿದುಹೋದ ದಿನ ಎಲ್ಲರೂ ನನ್ನತ್ತ ನೋಡಿದ್ದರು.

ವಿಂಡೋಸ್ ಬಳಸುವವರು ಒಮ್ಮೆ ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರ್ ತೆರೆದು ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಸಾಮಾನ್ಯವಾಗಿ ಇಮೇಲ್ ವಿಳಾಸದ ಮೊದಲ ಐದು ಅಕ್ಷರಗಳು ಅಲ್ಲಿ ಫೋಲ್ಡರಿನ ಹೆಸರಾಗಿ ಕುಳಿತಿರುತ್ತವೆ. ಆಮೇಲೆ ಖಾತೆಯ ಹೆಸರು ಬದಲಿಸಿದರೂ ಫೋಲ್ಡರ್ ಬದಲಾಗದು. ದೋಷ ತೋರಿಸಲು ಕಳಿಸುವ ಸ್ಕ್ರೀನ್‌ಶಾಟ್‌ನಲ್ಲಿ ಅದೂ ಇಣುಕುತ್ತದೆ.

ಹಳೆಯ ಖಾತೆಗಳಲ್ಲಿ ಮುಕ್ಕಾಲುಪಾಲು ಮುಚ್ಚಿದೆ. ಸ್ಕೂಟರಿನ ಜಾಹೀರಾತು ಉಳಿದಿದೆ. ಪಾಸ್‌ವರ್ಡ್ ಮರೆತಿದೆ, ಅದಕ್ಕೆ ಕೊಟ್ಟಿದ್ದ ಇಮೇಲ್ ಸೇವೆಯೇ ಈಗಿಲ್ಲ. ಮೊನ್ನೆಯೂ ಒಬ್ಬರು ಫೋನ್ ಮಾಡಿ, ಬೆಲೆ ಏನಾದರೂ ಇಳಿಸುತ್ತೀರಾ ಎಂದು ಕೇಳಿದರು.