ಹೃದಯ ಸೋತವರ ಕಿಡ್ನಿ ಮೇಲೆ ಕಣ್ಣಿಡುವುದು ಹೇಗೆ?

ಹೃದಯ ವೈಫಲ್ಯ ಏಕಾಏಕಿ ಉಲ್ಬಣಿಸಿ ಆಸ್ಪತ್ರೆ ಸೇರಿದ್ದಾರೆ. ಇನ್ನೇನು ಉಸಿರಾಟ ಸರಿಹೋಯಿತು ಅನ್ನುವಾಗ ‘ಕ್ರಿಯಾಟಿನಿನ್ ಏರಿದೆ’ ಎನ್ನುತ್ತಾರೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ; ಕಿಡ್ನಿ ಕುಂಟಿದರೆ ಅದು ರಕ್ತದಲ್ಲಿ ಏರುತ್ತದೆ. ಮನೆಯವರು ಮೊದಲು ಬೈಯುವುದು ಮೂತ್ರ ಹೋಗಲು ಕೊಟ್ಟ ಇಂಜೆಕ್ಷನ್ನನ್ನು. ಅವಸರ ಬೇಡ. ಹೃದಯ ಸೋತಾಗ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗಬಹುದು, ನಿಜ. ಎಷ್ಟೋ ಸಲ ಅದಕ್ಕಿಂತ ದೊಡ್ಡ ತೊಂದರೆ ಹೊರಹೋಗುವ ಕಡೆ ಇರುತ್ತದೆ. ಮುಂದೆ ಮೋರಿ ಕಟ್ಟಿಕೊಂಡರೆ ನೀರು ಮನೆಯೊಳಗೇ ನಿಲ್ಲುತ್ತದಲ್ವಾ? ಹಾಗೇ ರಕ್ತನಾಳಗಳಲ್ಲಿ ರಕ್ತ ಹಿಂದಕ್ಕೆ ಒತ್ತಿಕೊಂಡು ಕಿಡ್ನಿಯ ಸೋಸುವ ಕೆಲಸ ಕುಂಟುತ್ತದೆ.

ಮೊದಲು ಹಳೆಯ ರಿಪೋರ್ಟ್ ಹುಡುಕಿ ವೈದ್ಯರಿಗೆ ಕೊಡಿ. ಇವತ್ತಿನ ಅಂಕಿ ಒಂದನ್ನೇ ನೋಡಿದರೆ ಏನೂ ತಿಳಿಯದು. 48 ಗಂಟೆಯೊಳಗೆ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 0.3 ಮಿಲಿಗ್ರಾಂ (mg/dL) ಏರಿದರೆ, ಇಲ್ಲವೇ 7 ದಿನದೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅದನ್ನು ಕಿಡ್ನಿಗೆ ಆದ ದಿಢೀರ್ ಪೆಟ್ಟು ಎಂದು ಲೆಕ್ಕ ಹಾಕುತ್ತಾರೆ.

ಆಮೇಲೆ ಮೂತ್ರದ ಚೀಲ ನೋಡಿ. ಅದರ ಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಅದೂ 6 ಗಂಟೆ ಹಾಗೇ ಇದ್ದರೆ, ನರ್ಸ್‌ಗೆ ಹೇಳಲೇಬೇಕು. ಮೂತ್ರ ಹೋಗಲು ಕೊಡುವ ಫ್ಯೂರೋಸೆಮೈಡ್ ಇಂಜೆಕ್ಷನ್ ಆದ ಮೇಲಂತೂ ಇದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಆರಂಭದ ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಕೂಡ ಬರದಿದ್ದರೆ ವೈದ್ಯರು ಸಾಮಾನ್ಯವಾಗಿ ಡೋಸ್ ಏರಿಸುತ್ತಾರೆ. ಅದಕ್ಕೂ ಮೊದಲು ಕೊಳವೆ ರೋಗಿಯ ತೊಡೆಯಡಿ ಮಡಚಿಕೊಂಡಿದೆಯಾ ನೋಡಿ. ಸಣ್ಣ ವಿಷಯವೇ, ಆದರೆ ಅಳತೆಯೆಲ್ಲ ತಪ್ಪಿಹೋಗುತ್ತದೆ.

ಈಗ ಮುಖ್ಯ ಮಾತು. ಕ್ರಿಯಾಟಿನಿನ್ ಅನ್ನು ಯಾವತ್ತೂ ಒಂಟಿಯಾಗಿ ಓದಬೇಡಿ. ಕಾಲಿನ ಊತ ಇಳಿದಿದೆ, ತೂಕ ದಿನದಿನಕ್ಕೆ ಕಡಿಮೆಯಾಗುತ್ತಿದೆ, ರೋಗಿ ಚಪ್ಪಟೆ ಮಲಗಿ ನಿದ್ದೆ ಮಾಡುತ್ತಿದ್ದಾರೆ ಎಂದರೆ, ಕ್ರಿಯಾಟಿನಿನ್ ಸ್ವಲ್ಪ ಏರಿದ್ದಕ್ಕೇ ಹೆದರಬೇಕಿಲ್ಲ. ಊತ ಹಾಗೇ ಇದ್ದು, ಮೂತ್ರ ಕಡಿಮೆಯಾಗಿ, ಕ್ರಿಯಾಟಿನಿನ್ನೂ ಏರುತ್ತಿದ್ದರೆ ಅದು ಕೆಟ್ಟ ಸುದ್ದಿ. ಹಾಗಾಗಿ ಅಂಕಿ ನೋಡಿ ‘ಇಂಜೆಕ್ಷನ್ ನಿಲ್ಲಿಸಿ’ ಎಂದು ಹಟ ಹಿಡಿಯಬೇಡಿ. ಕಿಡ್ನಿಗೆ ಒಳ್ಳೆಯದು ಅಂತ ಸುಮ್ನೆ ನೀರು ಕುಡಿಸಲೂ ಬೇಡಿ. ಎಷ್ಟು ನೀರು ಎಂಬುದನ್ನು ವೈದ್ಯರನ್ನೇ ಕೇಳಿ.

ಮೈಕೈ ನೋವು ಅಂದರೆಂದು ಚೀಲದಲ್ಲಿದ್ದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡುವುದಂತೂ ಬೇಡವೇ ಬೇಡ. ಅವು ಕಿಡ್ನಿಯ ರಕ್ತ ಕಡಿಮೆ ಮಾಡಿ, ಮೈಯಲ್ಲಿ ನೀರೂ ಉಪ್ಪೂ ನಿಲ್ಲಿಸುತ್ತವೆ. ಸ್ಕ್ಯಾನ್‌ಗೆ ಡೈ ಚುಚ್ಚುವುದಿದ್ದರೆ ಕ್ರಿಯಾಟಿನಿನ್ ವಿಷಯ ಅಲ್ಲಿಯವರಿಗೂ ಹೇಳಿ.

ಡಿಸ್ಚಾರ್ಜ್ ದಿನ ಮೂರು ವಿಷಯ ಬರೆಸಿಕೊಳ್ಳಿ: ಆ ದಿನದ ತೂಕ, ಕೊನೆಯ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ, ಮುಂದಿನ ರಕ್ತಪರೀಕ್ಷೆಯ ತಾರೀಕು. ಪರೀಕ್ಷೆ ಒಂದೆರಡು ವಾರದೊಳಗೇ ಆಗಬೇಕು. ನಿಲ್ಲಿಸಿದ ಮಾತ್ರೆ ಯಾವುದು, ಮತ್ತೆ ಯಾವಾಗ ಶುರು ಎಂದೂ ಕೇಳಿ. ಮನೆಯಲ್ಲಿ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ. 3 ದಿನದಲ್ಲಿ 2 ಕೆ.ಜಿ.ಗಿಂತ ಜಾಸ್ತಿ ಏರಿದರೆ ಅಂದೇ ಫೋನ್ ಮಾಡಿ.