ಒಂದು ಎಫ್ ಬಿಟ್ಟುಹೋದಾಗ

ಕಾರವಾರದಲ್ಲಿ ಕುಳಿತು ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಉದ್ಯೋಗ. ಟೆಂಡರ್ ಪ್ರಕಟಣೆ, ಬ್ಯಾಂಕಿನ ನೋಟಿಸು, ಅಂಗಡಿಗಳ ಕರಪತ್ರ, ಗಾಳಿಮಳೆಯ ದಿನಗಳಲ್ಲಿ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಮುನ್ನೆಚ್ಚರಿಕೆ, ಹೀಗೆ ಕೈಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಕಾನೂನಿನ ಉದ್ದುದ್ದ ಪದಗಳು ಎದುರಾದರೆ ನಿಘಂಟು ತೆರೆಯುವ ಅಭ್ಯಾಸವಿರುವುದರಿಂದ ಅವು ನನ್ನನ್ನು ಅಷ್ಟಾಗಿ ಕೆಡವಿಲ್ಲ. ಕೆಡವಿದವು ಯಾರೂ ನಿಘಂಟಿನಲ್ಲಿ ಹುಡುಕದ ಎರಡು ಪುಟ್ಟ ಪದಗಳು: ಓ ಅಕ್ಷರದ ಮುಂದೆ ಒಂದು ಎಫ್ ಇರುವುದು ಮತ್ತು ಎರಡು ಎಫ್ ಇರುವುದು.

ಇವೆರಡನ್ನೂ ಕನ್ನಡ ಲಿಪಿಯಲ್ಲಿ ನಾವು 'ಆಫ್' ಎಂದೇ ಬರೆಯುತ್ತೇವೆ. 'ಬ್ಯಾಂಕ್ ಆಫ್ ಬರೋಡಾ' ಎಂಬಲ್ಲಿ ಇರುವುದು ಒಂದು ಎಫ್, 'ಸ್ವಿಚ್ ಆಫ್' ಎಂಬಲ್ಲಿ ಇರುವುದು ಎರಡು. ಬಸ್ಸಿನ 'ಆಫ್ ಟಿಕೆಟ್' ಬೇರೆಯೇ ಮೂರನೆಯ ಪದವಾದರೂ ಹಕಾರ ನುಂಗಿಹೋಗಿ ಇದೇ ಸಾಲಿಗೆ ಬಂದು ನಿಂತಿದೆ. ಇಂಗ್ಲಿಷ್ ಮಾತಿನಲ್ಲಾದರೋ ಒಂದು ಎಫ್‌ನ ಪದದಲ್ಲಿ ಎಫ್ ಅಕ್ಷರ ವಕಾರದಂತೆ ನುಡಿಯುತ್ತದೆ. ಆದ್ದರಿಂದ ಮುಂದೆ ಒಂದು ಎಫ್‌ನದನ್ನು 'ಆವ್' ಎಂದೂ ಎರಡು ಎಫ್‌ನದನ್ನು 'ಆಫ್' ಎಂದೂ ಬರೆಯುತ್ತೇನೆ.

ನಾನು ಎಡವಿದ್ದು ಒಂದು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹೊತ್ತು ಅದು. ಮುನ್ನೆಚ್ಚರಿಕೆಯ ಇಂಗ್ಲಿಷ್ ಪಾಠದಲ್ಲಿ 'ಅಲಾಂಗ್ ಆಂಡ್ ಆಫ್ ಕರ್ನಾಟಕ ಕೋಸ್ಟ್' ಎಂದಿತ್ತು. ಅವಸರದಲ್ಲಿದ್ದ ನಾನು ಆ ಎರಡನೆಯ ಎಫ್ ಅಚ್ಚಿನ ತಪ್ಪೆಂದು ಭಾವಿಸಿ, ಅದನ್ನು 'ಆವ್' ಎಂದು ಓದಿಕೊಂಡು, 'ಕರ್ನಾಟಕದ ಕರಾವಳಿಗುಂಟ ಬಿರುಗಾಳಿ ಬೀಸಲಿದೆ' ಎಂದಷ್ಟೇ ಬರೆದು ಕಳುಹಿಸಿದೆ. 'ಕರ್ನಾಟಕದ' ಎಂಬುದರಲ್ಲಿ 'ಆವ್' ಬಂದೇಹೋಯಿತಲ್ಲ ಎಂಬ ಸಮಾಧಾನವೂ ನನಗಿತ್ತು.

ಅರ್ಧ ಗಂಟೆಯೊಳಗೆ ಬೈತಖೋಲ ಬಂದರಿನಿಂದ ಪರಿಚಯದ ತಾಂಡೇಲರೊಬ್ಬರು (ದೋಣಿ ನಡೆಸುವ ಮುಖ್ಯಸ್ಥರು) ಫೋನ್ ಮಾಡಿದರು. ಹಿನ್ನೆಲೆಯಲ್ಲಿ ದೋಣಿಗೆ ಐಸ್ ಸುರಿಯುವ ಸದ್ದು ಕೇಳುತ್ತಿತ್ತು. "ಮಾಸ್ತರ್ರೇ, ನೀವು ದಂಡೆಗುಂಟ ಗಾಳಿ ಅಂತ ಬರೆದೀರಿ. ಹಾಗಾದ್ರೆ ದಂಡೆ ದಾಟಿ ಹೊರಗೆ ಹೋದ್ರೆ ಅಡ್ಡಿಲ್ವಾ?" ಎಂದು ಅವರು ಕೇಳಿದಾಗ ನನ್ನ ಬೆನ್ನಿನಲ್ಲಿ ಬೆವರು ಒಡೆಯಿತು. ನನ್ನ ವಾಕ್ಯವನ್ನು ಅವರು ಸರಿಯಾಗಿಯೇ ಓದಿದ್ದರು. ಗಾಳಿ ದಂಡೆಯ ಸಮೀಪದಲ್ಲಿ ಮಾತ್ರ ಎಂದಾದರೆ, ಅದನ್ನು ದಾಟಿ ಹೊರಗಿನ ಸಮುದ್ರದಲ್ಲಿ ನಿಲ್ಲುವುದೇ ಜಾಣತನ ಎಂಬ ಅರ್ಥ ಅಲ್ಲಿಂದ ಹೊರಡುತ್ತಿತ್ತು. "ಐಸ್ ತುಂಬುವುದನ್ನು ನಿಲ್ಲಿಸಿ, ಹೊರಗೂ ಗಾಳಿಯಿದೆ" ಎಂದು ಹೇಳಿ, ತಿದ್ದುಪಡಿ ಕಳುಹಿಸಿದೆ.

'ಅಲಾಂಗ್' ಎಂದರೆ ದಂಡೆಯ ಗೆರೆಗೆ ಹೊಂದಿಕೊಂಡು, ದಂಡೆಗುಂಟ. 'ಆಫ್' ಎಂದರೆ ದಂಡೆಯನ್ನು ಬಿಟ್ಟು ಆಚೆ, ಆದರೆ ಅದೇ ದಂಡೆಯ ಲೆಕ್ಕದಲ್ಲಿ. ಬಿಟ್ಟಿರಬೇಕು, ಪೂರ್ತಿ ದೂರವಾಗಿರಬಾರದು. ಎಷ್ಟು ದೂರ ಎಂಬುದು ಆ ಪದದೊಳಗೆ ಇಲ್ಲವಾದ್ದರಿಂದ ಮೂಲದಲ್ಲಿ ನಾಟಿಕಲ್ ಮೈಲಿನ ಲೆಕ್ಕವಿದ್ದರೆ ಅದನ್ನು ಕಿಲೋಮೀಟರಿಗೆ ತಂದು (ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.) ಬರೆಯುತ್ತೇನೆ, ಇಲ್ಲದಿದ್ದರೆ ನಾನಾಗಿ ದೂರ ಹೇಳಹೋಗುವುದಿಲ್ಲ. 'ಆಳಸಮುದ್ರದಲ್ಲಿ' ಎಂದು ಬರೆಯುವ ಆಸೆಯೂ ಆಗುತ್ತದೆ, ಆದರೆ ಆಳಸಮುದ್ರಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತು ಇದೆ. ಈಗ ನಾನು ಬರೆಯುವುದು 'ಕರ್ನಾಟಕ ಕರಾವಳಿಗುಂಟ ಹಾಗೂ ದಂಡೆಯಿಂದಾಚೆಯ ಕಡಲಿನಲ್ಲಿ' ಎಂದು.

ಈ ವ್ಯತ್ಯಾಸವನ್ನು ನನಗೆ ನಾನೇ ಖಾತ್ರಿ ಮಾಡಿಕೊಂಡದ್ದು ಅಂಜುದೀವ ದ್ವೀಪವನ್ನು ಮುಂದಿಟ್ಟುಕೊಂಡು. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪ ಇರುವುದು ನಮ್ಮ ಬಿಣಗಾದ ಎದುರಿನ ಕಡಲಲ್ಲಿ, ಆದರೆ ಆಡಳಿತದ ಲೆಕ್ಕದಲ್ಲಿ ಸೇರಿರುವುದು ಗೋವೆಗೆ. ಇಂಗ್ಲಿಷಿನಲ್ಲಿ ಹೇಳುವುದಾದರೆ ಅದು ಕಾರವಾರದ 'ಆಫ್', ಗೋವೆಯ 'ಆವ್'. ಕನ್ನಡದಲ್ಲಿ 'ಕಾರವಾರದ ದ್ವೀಪ' ಎಂದೊಡನೆ ಒಡೆತನ ಹೇಳಿದಂತಾಗಿ ಮಾತು ಸುಳ್ಳಾಗುತ್ತದೆ, 'ಕಾರವಾರದೆದುರಿನ ಕಡಲಲ್ಲಿರುವ ಗೋವೆಯ ದ್ವೀಪ' ಎಂದರೆ ಎರಡೂ ನಿಲ್ಲುತ್ತವೆ. ನೌಕಾನೆಲೆಗಾಗಿ ಕಟ್ಟಿದ ಅಲೆ ತಡೆಗೋಡೆಯು ಈಗ ದ್ವೀಪವನ್ನು ನೆಲಕ್ಕೇ ಜೋಡಿಸಿರುವುದರಿಂದ 'ಆಫ್' ಎನ್ನುವುದು ಇನ್ನೂ ಸರಿಯೇ ಎಂದು ತಕರಾರು ತೆಗೆಯುವವರು ತೆಗೆಯಬಹುದು.

ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಇವೆರಡೂ ಮೂಲದಲ್ಲಿ ಒಂದೇ ಪದ. ಹಳೆಯ ಇಂಗ್ಲಿಷಿನಲ್ಲಿ ಒಂದು ಎಫ್‌ನ ಪದವೊಂದೇ ಇದ್ದು, ಅದಕ್ಕೆ 'ಇಂದ, ಬಿಟ್ಟು' ಎಂಬ ಅರ್ಥವಿತ್ತು. ಒತ್ತಿ ಹೇಳಿದ ರೂಪ ಎರಡು ಎಫ್ ಪಡೆದು ಹಳೆಯ ಅರ್ಥವನ್ನು ಉಳಿಸಿಕೊಂಡಿತು, ಒತ್ತಿಲ್ಲದೆ ಹಗುರಾಗಿ ಹೇಳಿದ ರೂಪ ಸವೆದು ಸಂಬಂಧ ಸೂಚಿಸುವ ಪದವಾಯಿತು. 17ನೇ ಶತಮಾನದ ಹೊತ್ತಿಗೆ ಎರಡೂ ಬೇರೆ ಬೇರೆ ಪದಗಳಾಗಿ ನೆಲೆನಿಂತವು. ಸಂಸ್ಕೃತದ 'ಅಪ' ಉಪಸರ್ಗವೂ ಇವುಗಳ ದಾಯಾದಿಯೇ. 'ಅಪಹರಣ' ಎಂಬಲ್ಲಿರುವ 'ದೂರಕ್ಕೆ ಒಯ್ಯುವ' ಅರ್ಥ ಅದರದ್ದು.

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿ ಪ್ರತ್ಯಯಗಳು ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಅನುಮಾನ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು 'ಯಾವುದರ' ಎಂಬುದಕ್ಕೆ ಉತ್ತರವೋ, 'ಯಾವುದರಿಂದ' ಎಂಬುದಕ್ಕೋ? 'ಪಾತ್ರೆಯ ಮುಚ್ಚಳ' ಎಂಬಲ್ಲಿ ಷಷ್ಠಿ, ಅಲ್ಲಿ 'ಆವ್'. 'ಪಾತ್ರೆಯಿಂದ ಮುಚ್ಚಳ ತೆಗೆ' ಎಂಬಲ್ಲಿ ಪಂಚಮಿ, ಅಲ್ಲಿ 'ಆಫ್'. ಎಷ್ಟೋ ಕಡೆ ಆ 'ಆಫ್' ನಮ್ಮಲ್ಲಿ ಕ್ರಿಯಾಪದದೊಳಗೇ ಅಡಗಿರುತ್ತದೆ: ಚಪ್ಪಲಿ ಕಳಚು, ದೀಪ ಆರಿಸು, ಅಡಿಕೆ ಸುಲಿ. ಅಂಥಲ್ಲಿ ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ.

ಆದರೆ ಈ ಪ್ರಶ್ನೆಯನ್ನೇ ನಂಬಿಕೊಂಡರೆ ಮತ್ತೆ ಮೋಸ ಹೋಗಬೇಕಾಗುತ್ತದೆ, ಏಕೆಂದರೆ 'ಆವ್' ತನ್ನ ಹಳೆಯ ಅರ್ಥವನ್ನು ಕೆಲವು ಕಡೆ ಬಿಟ್ಟುಕೊಟ್ಟಿಲ್ಲ. ಜ್ವರದಿಂದ ಸತ್ತ, ಮರದಿಂದ ಮಾಡಿದ, ಸಾಲದಿಂದ ಮುಕ್ತನಾದ ಎಂಬಲ್ಲೆಲ್ಲ ಕನ್ನಡ 'ಇಂದ' ಎನ್ನುತ್ತದೆ, ಇಂಗ್ಲಿಷ್ ಒಂದೇ ಎಫ್ ಬಳಸುತ್ತದೆ. ದಿಕ್ಕು ಹೇಳುವಾಗಲೂ ಹಾಗೆಯೇ. 'ಸೌತ್ ಆವ್ ಕಾರವಾರ' ಎಂದರೆ ಕಾರವಾರದಿಂದ ದಕ್ಷಿಣಕ್ಕೆ, ಊರ ಹೊರಗೆ, ಅಂಕೋಲೆಯ ಕಡೆ. ಅದರ ಹಿಂದೆ 'ದ' ಎಂಬ ಪುಟ್ಟ ಪದ ಸೇರಿ 'ಇನ್ ದ ಸೌತ್ ಆವ್ ಕಾರವಾರ' ಎಂದಾದರೆ ಊರೊಳಗಿನ ದಕ್ಷಿಣ ಭಾಗ. ಜಮೀನಿನ ಚೆಕ್ಕುಬಂದಿ ಅನುವಾದಿಸುವಾಗ ಇಲ್ಲಿ ನಾನು ಎರಡು ಸಲ ನಿಲ್ಲುತ್ತೇನೆ.

ಶಿರಸಿಯ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಬಟ್ಟೆ ಅಂಗಡಿಯೊಂದಕ್ಕೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಕರಪತ್ರ ಮಾಡಿಕೊಟ್ಟಿದ್ದೆ. ಶೇ. 30ರ ರಿಯಾಯಿತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನನ್ನ ಕೈಯಿಂದಲೇ ಒಂದು ಎಫ್ ಬಿಟ್ಟುಹೋಗಿತ್ತು. ಅಕ್ಷರಶಃ ಓದಿದರೆ 1,000 ರೂಪಾಯಿಯ ಸೀರೆಯನ್ನು 700ಕ್ಕೆ ಕೊಡುವ ಬದಲು 300ಕ್ಕೆ ಕೊಡಬೇಕಾಗುತ್ತಿತ್ತು. ಯಾರೂ ಜಗಳಕ್ಕೆ ಬರಲಿಲ್ಲ, ಜಾತ್ರೆಯ ಗದ್ದಲದಲ್ಲಿ ಎಲ್ಲರೂ ರಿಯಾಯಿತಿ ಎಂದೇ ಓದಿಕೊಂಡರು. ಅಂಗಡಿಯಲ್ಲಿ ಸಂದರ್ಭವೇ ತಪ್ಪನ್ನು ತಿದ್ದುತ್ತದೆ, ಕಡಲಿನಲ್ಲಿ ಹಾಗೆ ತಿದ್ದುವವರು ಇರುವುದಿಲ್ಲ. 'ಆವ್ ಕೋರ್ಸ್' ಎಂದರೆ 'ಹೌದು, ಖಂಡಿತ', 'ಆಫ್ ಕೋರ್ಸ್' ಎಂದರೆ ದೋಣಿ ಹೋಗಬೇಕಾದ ದಾರಿ ತಪ್ಪಿದೆ.

'ಆಫ್' ಸೇರಿದ ಕ್ರಿಯಾಪದಗಳಲ್ಲಿ ನನ್ನ ಪ್ರಶ್ನೆ ಕೆಲಸ ಮಾಡುವುದೇ ಇಲ್ಲ. ಸೈರನ್ 'ವೆಂಟ್ ಆಫ್' ಎಂದರೆ ನಿಂತುಹೋಯಿತು ಎಂದು ನಮಗೆ ತೋರುತ್ತದೆ, ಆದರೆ ಅದರ ಅರ್ಥ ಸೈರನ್ ಮೊಳಗಿತು ಎಂದು. ಸಭೆಯನ್ನು 'ಪುಟ್ ಆಫ್' ಮಾಡಿದರೆ ಮುಂದೂಡಿದಂತೆ, 'ಕಾಲ್ ಆಫ್' ಮಾಡಿದರೆ ರದ್ದುಪಡಿಸಿದಂತೆ. ಇಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಉರುಹೊಡೆದಿದ್ದೇನೆ, ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಈಗ ಮುನ್ನೆಚ್ಚರಿಕೆ ಬಂದೊಡನೆ ಮೊದಲು ಎರಡು ಎಫ್ ಇರುವೆಡೆಯೆಲ್ಲ ಕೆಂಪು ಗೆರೆ ಎಳೆಯುತ್ತೇನೆ, ಕನ್ನಡ ಮುಗಿದ ಮೇಲೆ ಆ ಸಾಲುಗಳನ್ನು ತಾಂಡೇಲರಿಗೆ ಫೋನಿನಲ್ಲಿ ಓದಿ ಹೇಳಿ, 'ಈಗ ಎಲ್ಲಿ ಹೋಗಬಾರದು?' ಎಂದು ಅವರಿಂದಲೇ ಕೇಳುತ್ತೇನೆ. ಮೊನ್ನೆ ಪತ್ರಿಕೆಯೊಂದಕ್ಕೆ ನೇತ್ರಾಣಿ ದ್ವೀಪದ ಲೇಖನ ಮಾಡಿಕೊಟ್ಟಾಗ 'ಮುರ್ಡೇಶ್ವರದೆದುರಿನ ಕಡಲಿನ ನೇತ್ರಾಣಿ' ಎಂಬ ತಲೆಬರಹ ಉದ್ದವಾಯಿತೆಂದು ಅವರು 'ಮುರ್ಡೇಶ್ವರದ ನೇತ್ರಾಣಿ' ಮಾಡಿದರು. ಅಲ್ಲಿ ಜಾಗವಿರಲಿಲ್ಲ, ಒಪ್ಪಿಕೊಂಡೆ. ಮೊದಲ ಸಾಲಿನಲ್ಲಿ ಮಾತ್ರ ಕಡಲನ್ನು ಹಾಗೆಯೇ ಉಳಿಸಬೇಕೆಂದು ಹಟ ಹಿಡಿದೆ.